ಮಿತ್ರ ಬಳಗದ ಹಾಜರಿ ಪಟ್ಟಿ

ನಮ್ಮ ವಿಶ್ವವಿದ್ಯಾಲಯದಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಮಿತ್ರರಾಗುವುದಕ್ಕೆ ಎರಡೂವರೆ ಗಂಟೆ ಸಾಕಾಗುತ್ತಿತ್ತು. ಅದರಲ್ಲಿ ಅರ್ಧ ಗಂಟೆ ತಿಂಡಿಗೆ, ಇಪ್ಪತ್ತು ನಿಮಿಷ ದೀಪಕ್ಕೆ. ಫ್ಯಾನು ಆರಿಸದೆ ದೀಪ ಹಚ್ಚಲು ಹೋಗಿ, ಆರಿಸಿ, ಮತ್ತೆ ಹಚ್ಚಿ, ಐದು ಜನ ಗಣ್ಯರು ಒಂದೇ ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿಯೇ ಹೋಗುತ್ತದೆ. ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ಶಾಲು, ವಂದನಾರ್ಪಣೆ ಎಲ್ಲ ಕಳೆದರೆ ಮಿತ್ರತ್ವಕ್ಕೆ ಉಳಿಯುತ್ತಿದ್ದುದು ಮುಕ್ಕಾಲು ಗಂಟೆ. ಅದು ಮುಗಿದ ಮೇಲೆ ಎದೆಗೆ ಸಿಕ್ಕಿಸಿಕೊಳ್ಳಲು ಕಾಮನಬಿಲ್ಲಿನ ಬ್ಯಾಡ್ಜು, ಕೈಗೊಂದು ಪ್ರಮಾಣಪತ್ರ. ಬ್ಯಾಡ್ಜಿನ ಮೇಲೆ ‘ಮಿತ್ರ ಬಳಗ’ ಎಂದು ದುಂಡಗೆ ಬರೆದಿತ್ತು.

ಬನಶಂಕರಿ ಕಡೆಯ ಈ ನಮ್ಮ ಸಂಸ್ಥೆ ನಾನು ಸೇರುವ ಕೆಲವೇ ವರ್ಷಗಳ ಹಿಂದೆ ಬರೀ ಕಾಲೇಜಾಗಿತ್ತು. ಆಮೇಲೆ ವಿಶ್ವವಿದ್ಯಾಲಯವಾಗಿ ಬಡ್ತಿ ಪಡೆಯಿತು. ಗೇಟು ದೊಡ್ಡದಾಯಿತು, ಕ್ಯಾಂಟೀನು ಫುಡ್ ಕೋರ್ಟ್ ಆಯಿತು, ಪ್ರಿನ್ಸಿಪಾಲರು ಡೀನ್ ಆದರು, ಉಪ್ಪಿಟ್ಟು ಮಾತ್ರ ಉಪ್ಪಿಟ್ಟಾಗಿಯೇ ಉಳಿಯಿತು. ಆ ವರ್ಷ ನಮಗೆ ದರ್ಜೆ ಕೊಡಲು ಹೊರಗಿನಿಂದ ಮೌಲ್ಯಮಾಪನ ಸಮಿತಿ ಬರುವುದಿತ್ತು. ಅವರ ನಮೂನೆಯಲ್ಲಿ ‘ಎಲ್ಲರನ್ನೂ ಒಳಗೊಳ್ಳುವ ವಾತಾವರಣಕ್ಕಾಗಿ ಸಂಸ್ಥೆ ಕೈಗೊಂಡ ಕ್ರಮಗಳು’ ಎಂಬ ಕಲಮಿತ್ತು. ಕಲಮು ಖಾಲಿ ಬಿಡುವ ಹಾಗಿರಲಿಲ್ಲ. ಆದ್ದರಿಂದ ಒಂದು ಶನಿವಾರ ಬೆಳಿಗ್ಗೆ ನಾವೆಲ್ಲ ಮಿತ್ರರಾದೆವು.

ಸಮಿತಿಯ ಮುಂದೆ ಯಾವುದೇ ಕಾರ್ಯಕ್ರಮ ನಡೆದಿದೆ ಎಂದು ಸಾಬೀತಾಗಬೇಕಾದರೆ ಎರಡು ವಸ್ತು ಬೇಕು: ಅಕ್ಷಾಂಶ ರೇಖಾಂಶ ಮೂಲೆಯಲ್ಲಿ ಮೂಡಿರುವ ಫೋಟೋ, ಮತ್ತು ಬಂದವರೆಲ್ಲರ ಸಹಿ ಇರುವ ಹಾಜರಿ ಪಟ್ಟಿ. ಅದಿಲ್ಲದಿದ್ದರೆ ಅಲ್ಲಿ ಯಾರೂ ಯಾರಿಗೂ ಮಿತ್ರರಾಗಿಲ್ಲವೆಂದೇ ಲೆಕ್ಕ. ಬಳಗದ ಸಂಚಾಲಕಿ ನಮ್ಮ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆಯೇ ಆಗಿದ್ದರು. ಕೆಟ್ಟವರಲ್ಲ, ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಫೈಲನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಕಷ್ಟ ಇದ್ದದ್ದೇ ಅಲ್ಲಿ.

ಅವತ್ತಿನ ಮುಖ್ಯ ಅತಿಥಿ ನಿವೃತ್ತ ಅಧಿಕಾರಿ. “ಅವರೂ ನಮ್ಮ ಹಾಗೇ ಮನುಷ್ಯರು” ಎಂದು ಅವರು ನಾಲ್ಕು ಸಲ ಹೇಳಿದರು. ಐದನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ಪಿಯುಸಿಯಿಂದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ನನ್ನ ಕೈ ತಾನಾಗಿಯೇ ಮೇಲೇಳುವ ರೋಗ ಹಿಡಿದಿತ್ತು. ಎದ್ದು ನಿಂತೆ.

“ಸಾರ್, ಈ ‘ಅವರು’ ಅಂದ್ರೆ ಯಾರು? ಈ ಹಾಲ್‌ನಲ್ಲಿ ‘ಅವರು’ ಯಾರೂ ಕೂತಿಲ್ಲ ಅಂತ ನಿಮಗೆ ಹೇಗ್ ಗೊತ್ತು?”

ಹಿಂದಿನ ಬೆಂಚುಗಳಿಂದ ಚಪ್ಪಾಳೆ, ಶಿಳ್ಳೆ. ಅತಿಥಿಗಳು ನೀರು ಕುಡಿದರು. ನಾನು ಕುಳಿತೆ. ಪಕ್ಕದಲ್ಲಿದ್ದ ನನ್ನ ಗೆಳತಿ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಚಿವುಟಿದಳು.

“ಸಖತ್ತಾಗಿ ಕೇಳಿದೆ,” ಎಂದಳು ಹಲ್ಲು ಕಚ್ಚಿ, “ಈಗ ಇಡೀ ಹಾಲು ತಿರುಗಿ ತಿರುಗಿ ನೋಡ್ತಿದೆ, ಯಾರಿರಬಹುದು ಅಂತ.”

ನೋಡುತ್ತಲೂ ಇತ್ತು. ಆ ‘ಅವರು’ ಅವಳೇ. ಆಗ ನನಗೆ ಆ ಚಿವುಟು ಅರ್ಥವಾಗಬೇಕಿತ್ತು. ಆಗಲಿಲ್ಲ, ಚಪ್ಪಾಳೆಯ ಸದ್ದು ಜಾಸ್ತಿಯಿತ್ತು.

ಅವಳು ನನ್ನ ಚರ್ಚಾಸ್ಪರ್ಧೆಯ ಜೋಡಿ. ವಿಷಯದ ಪರ ನಾನು ಕಿರುಚಿದರೆ, ನಾನು ಬಿಟ್ಟ ತೂತುಗಳನ್ನು ಅವಳು ತಣ್ಣಗೆ ಮುಚ್ಚುತ್ತಿದ್ದಳು. ಎರಡನೇ ಸೆಮಿಸ್ಟರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಚಪ್ಪಲಿ ಆರಿಸುತ್ತಾ ಹೇಳಿದ್ದಳು, “ನಂಗೆ ಹುಡುಗೀರು ಇಷ್ಟ ಕಣೋ. ಈ ಬಕಲ್ ಇರೋದು ತಗೋಳ್ಲಾ, ಪ್ಲೇನ್ ತಗೋಳ್ಲಾ?” ನಾನು ಪ್ಲೇನ್ ಎಂದೆ. ಅವಳು ಬಕಲ್ ಇರುವುದನ್ನು ತೆಗೆದುಕೊಂಡಳು. ಆ ವಿಷಯ ಅಲ್ಲಿಗೆ ಮುಗಿದಿತ್ತು. ಯಾರೂ ದೀಪ ಹಚ್ಚಿರಲಿಲ್ಲ.

ಅವಳ ಮನೆ ಗಿರಿನಗರದಲ್ಲಿ. ಅಪ್ಪನದು ಪೇಂಟ್ ಅಂಗಡಿ, ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕೆಂಪು ಪೆನ್ನು, ಎರಡೂ ಇಲ್ಲದೆ ಆ ಅಮ್ಮನನ್ನು ನಾನು ನೋಡಿಲ್ಲ. ಮನೆಯಲ್ಲಿ ಯಾರಿಗೂ ಮಗಳ ವಿಷಯ ಗೊತ್ತಿರಲಿಲ್ಲ.

ಮಿತ್ರ ಬಳಗದ ಇಡೀ ಸಂಭ್ರಮದಲ್ಲಿ ನಿಜವಾದದ್ದು ಒಂದೇ ಇತ್ತು. ಅದಕ್ಕೆ ಬ್ಯಾನರಿರಲಿಲ್ಲ. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಆಪ್ತ ಸಮಾಲೋಚಕಿಯೊಬ್ಬರು ಏಳು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಎನ್ನುವುದಕ್ಕಿಂತ ಕೇಳಿಸಿಕೊಳ್ಳುತ್ತಿದ್ದರು. ನನ್ನ ಗೆಳತಿ ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

“ಅಲ್ಲಿ ಏನ್ ಮಾಡ್ತೀರಾ?” ಎಂದು ಕೇಳಿದ್ದೆ.

“ಏನಿಲ್ಲ. ಒಬ್ಬಳು ಕ್ರೋಶಾ ಹಾಕ್ತಾಳೆ. ಒಬ್ಬ ಸುಮ್ನೆ ಅಳ್ತಾನೆ, ಆಮೇಲೆ ಚಿಪ್ಸ್ ತಿಂತಾನೆ. ನಾನು ಅಮ್ಮಂಗೆ ಹೇಗೆ ಹೇಳ್ಬೇಕು ಅಂತ ಪ್ರಾಕ್ಟೀಸ್ ಮಾಡ್ತೀನಿ.”

“ನನ್ನ ಮುಂದೆ ಮಾಡು, ನಾನು ಪಾಯಿಂಟ್ಸ್ ಕೊಡ್ತೀನಿ.”

“ಅದಕ್ಕೇ ಗುರು ಅಲ್ಲಿಗೆ ಹೋಗೋದು. ಅಲ್ಲಿ ಯಾರೂ ಪಾಯಿಂಟ್ಸ್ ಕೊಡಲ್ಲ.”

ಒಂದೇ ತೊಂದರೆ. ಗುರುವಾರ ಹನ್ನೊಂದಕ್ಕೆ ನಮಗೆ ಸಂಖ್ಯಾಶಾಸ್ತ್ರದ ಕ್ಲಾಸಿತ್ತು. ಅವಳ ಹಾಜರಾತಿ ಆ ವಿಷಯದಲ್ಲಿ ಎಪ್ಪತ್ತೈದು ಪರ್ಸೆಂಟಿನ ಗಡಿಗೆ ಬಂದು ನಿಂತಿತ್ತು. ಅದಕ್ಕಿಂತ ಕೆಳಗೆ ಬಿದ್ದರೆ ಹಾಲ್ ಟಿಕೆಟ್ ಇಲ್ಲ.

ಈ ನಡುವೆ ಸಂಚಾಲಕಿ ಮೇಡಂ ನನ್ನನ್ನು ಬಳಗದ ಸಮಿತಿಗೆ ವಿದ್ಯಾರ್ಥಿ ಪ್ರತಿನಿಧಿಯಾಗಿ ಹಾಕಿದರು. ಎದ್ದು ಪ್ರಶ್ನೆ ಕೇಳುವವನ ಬಾಯಿ ಮುಚ್ಚಿಸುವ ವಿದ್ಯೆ ನಮ್ಮ ಸಂಸ್ಥೆಗಳಿಗೆ ಚೆನ್ನಾಗಿ ಗೊತ್ತು: ಸಮಿತಿಗೆ ಸೇರಿಸಿ, ಬಿಸ್ಕತ್ತು ಕೊಡುವುದು. ನಾನು ಬಿಸ್ಕತ್ತು ತಿಂದೆ, ಆದರೆ ಬಾಯಿ ಮುಚ್ಚಲಿಲ್ಲ. ಒಂದು ಮಂಗಳವಾರದ ಸಭೆಯಲ್ಲಿ ಎದ್ದು, ಗುರುವಾರದ ಕೂಟಕ್ಕೆ ಹೋಗುವವರಿಗೆ ಓ.ಡಿ. ಕೊಡಬೇಕೆಂದು ಮಂಡಿಸಿದೆ. ಓ.ಡಿ. ಎಂದರೆ ಆನ್ ಡ್ಯೂಟಿ. ಕಾಲೇಜಿನ ಕೆಲಸಕ್ಕೆ ಹೋಗಿ ತಪ್ಪಿದ ಕ್ಲಾಸನ್ನು ಹಾಜರಿ ಎಂದೇ ಎಣಿಸುವ ಏರ್ಪಾಡು.

“ಮೇಡಂ, ಒಂದು, ಕಬಡ್ಡಿ ಆಡೋರಿಗೆ ಓ.ಡಿ. ಇದೆ. ಎರಡು, ಮೌಲ್ಯಮಾಪನ ಸಮಿತಿಗೆ ಹೂಗುಚ್ಛ ಕೊಡೋ ರಿಹರ್ಸಲ್‌ಗೂ ಓ.ಡಿ. ಕೊಟ್ಟಿದೀರಿ. ಮೂರು, ನಮ್ಮ ಬೆಂಬಲ ಬರೀ ಬ್ಯಾಡ್ಜಲ್ಲಿದ್ರೆ ಅದು ಬೆಂಬಲ ಅಲ್ಲ, ಅಲಂಕಾರ. ಬೆಂಬಲ ಅಂದ್ರೆ ರಿಜಿಸ್ಟರ್‌ನಲ್ಲಿ ಕಾಣಿಸ್ಬೇಕು.”

‘ರಿಜಿಸ್ಟರ್‌ನಲ್ಲಿ ಕಾಣಿಸಬೇಕು’ ಎಂಬ ಮಾತು ಮೇಡಂಗೆ ಎಷ್ಟು ಹಿಡಿಸಿತೆಂದರೆ ಅಲ್ಲೇ ನಡಾವಳಿಯಲ್ಲಿ ಬರೆಸಿಕೊಂಡರು. “ಇದು ಬೆಸ್ಟ್ ಪ್ರಾಕ್ಟೀಸ್ ಆಗತ್ತೆ,” ಎಂದರು ಕಣ್ಣರಳಿಸಿ. ಸಮಾಲೋಚಕಿ ಮಾತ್ರ ಅವತ್ತು ರಜೆಯಲ್ಲಿದ್ದರು. ಅವರಿದ್ದಿದ್ದರೆ ಏನನ್ನುತ್ತಿದ್ದರೆಂದು ನಾನು ಯೋಚಿಸಲಿಲ್ಲ. ಗೆದ್ದವನಿಗೆ ಯೋಚನೆ ಎಲ್ಲಿಂದ ಬರಬೇಕು?

ಬುಧವಾರ ನಾನವಳಿಗೆ ಸುದ್ದಿ ಕೊಟ್ಟೆ. ಕಾಲೇಜಿನ ಎದುರಿನ ದರ್ಶಿನಿಯಲ್ಲಿ, ನಿಂತು ತಿನ್ನುವ ಟೇಬಲಿನ ಬಳಿ, ಇಡ್ಲಿ ವಡೆ ಮುಂದಿಟ್ಟುಕೊಂಡು.

“ನಿನ್ನ ಪ್ರಾಬ್ಲಂ ಸಾಲ್ವ್. ಹಿಂದಿನ ಗುರುವಾರಗಳೂ ಸೇರಿ ಎಲ್ಲಕ್ಕೂ ಓ.ಡಿ. ಟ್ರೀಟ್ ನಿಂದು.”

ಅವಳು ವಡೆ ಮುರಿಯುತ್ತಿದ್ದವಳು ನಿಲ್ಲಿಸಿದಳು. “ಯಾರ್ ಹೆಸರಿಗೆ?”

“ಬರೋ ಏಳೂ ಜನರ ಹೆಸರಿಗೆ.”

“ಹೆಸರು ಯಾರ್ ಕೊಟ್ರು?”

“ಮೇಡಂ ಹತ್ರ ಸೈನ್ ಮಾಡಿರೋ ಶೀಟ್ ಇದೆಯಲ್ಲ...” ಎನ್ನುತ್ತಿದ್ದಂತೆ ಎಲ್ಲೋ ಎಡವಿದ್ದೇನೆ ಎಂದು ನನಗೇ ಅನ್ನಿಸಿತು. ಕೂಟದ ಕೋಣೆಯಲ್ಲಿ ಬಂದವರಿಂದ ಸಹಿ ಹಾಕಿಸಿದ್ದು ‘ಇದು ಇಲ್ಲೇ ಇರುತ್ತೆ’ ಎಂಬ ಭರವಸೆಯ ಮೇಲೆ. ಪುರಾವೆಯಿಲ್ಲದೆ ಯಾವುದೂ ನಡೆದಿಲ್ಲ ಎಂಬ ನಮ್ಮ ಸಂಸ್ಥೆಯ ಸಿದ್ಧಾಂತದ ಪ್ರಕಾರ ಆ ಹಾಳೆ ಆಗಲೇ ಫೈಲು ಸೇರಿತ್ತು.

“ಓ.ಡಿ. ಹಾಕಿದ್ರೆ ಕಾರಣ ಹಾಕ್ತಾರೆ,” ಎಂದಳು ನಿಧಾನವಾಗಿ, ದಡ್ಡ ಹುಡುಗನಿಗೆ ಹೇಳುವ ಹಾಗೆ. “ಕಾರಣ ಹಾಕಿದ್ರೆ ಶನಿವಾರ ಅಮ್ಮನ ಫೋನಿಗೆ ಹೋಗತ್ತೆ.”

ಅದನ್ನು ನಾನು ಮರೆತೇಬಿಟ್ಟಿದ್ದೆ. ನಮ್ಮಲ್ಲಿ ಪ್ರತಿ ಶನಿವಾರ ಸಂಜೆ ಹೆತ್ತವರ ಫೋನಿಗೆ ಒಂದು ಸಂದೇಶ ಹೋಗುತ್ತದೆ: ನಿಮ್ಮ ಮಗ ಅಥವಾ ಮಗಳು ಈ ವಾರ ಇಷ್ಟು ಕ್ಲಾಸಿಗೆ ಹಾಜರು, ಇಷ್ಟಕ್ಕೆ ಗೈರು, ಓ.ಡಿ. ಇದ್ದರೆ ಯಾತಕ್ಕೆ. ಯಾರೋ ಕಬಡ್ಡಿಯ ಹೆಸರಲ್ಲಿ ಓ.ಡಿ. ಪಡೆದು ಸಿನಿಮಾಗೆ ಹೋದ ಮೇಲೆ ಬಂದ ನಿಯಮ. ನನ್ನ ಅಪ್ಪ ಆ ಸಂದೇಶವನ್ನು ಗೃಹಸಾಲದ ಜಾಹೀರಾತಿನ ಜೊತೆ ಸೇರಿಸಿ ಅಳಿಸುತ್ತಾರೆ. ಅವಳ ಅಮ್ಮ ಕನ್ನಡಕ ಹಾಕಿಕೊಂಡು, ಕಾಫಿ ಕುಡಿಯುತ್ತಾ, ಜೋರಾಗಿ ಓದುತ್ತಾರೆ. ಇನ್ನು ಕಾರಣದ ಹೆಸರು? ಮೊಟಕು ಮಾಡಿದರೆ ಅಗೌರವವಾಗುತ್ತದೆಂದು ಮೇಡಂ ಅದನ್ನು ಪೂರ್ತಿಯಾಗಿ ಸೇರಿಸಿದ್ದರು: ‘ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಆಪ್ತ ಕೂಟ’.

“ನಾನು ನಿನ್ನ ಕೇಳಿದ್ನಾ?” ಎಂದಳು.

“ಇಲ್ಲ, ಆದ್ರೆ—”

“ಕೇಳಿದ್ನಾ?”

“ಇಲ್ಲ.”

“ಅಮ್ಮಂಗೆ ನಾನೇ ಹೇಳ್ತೀನಿ. ಎಕ್ಸಾಂ ಮುಗಿದ ಮೇಲೆ, ನಾನು ಆ ಮನೇಲಿ ಕೂತು, ನನ್ನ ಬಾಯಿಂದ. ಏಳು ತಿಂಗಳಿಂದ ಪ್ರಾಕ್ಟೀಸ್ ಮಾಡ್ತಿದೀನಿ. ಅದು ಕಾಲೇಜ್ ಮೆಸೇಜಲ್ಲಿ ಹೋದ್ರೆ...” ಎಂದು ನಿಲ್ಲಿಸಿ, ತಟ್ಟೆಯನ್ನು ಹಾಗೇ ಬಿಟ್ಟು ಕೈತೊಳೆಯಲು ಹೋದಳು. ಅವಳು ವಡೆ ಬಿಟ್ಟು ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಶುಕ್ರವಾರ ಬೆಳಿಗ್ಗೆ ಹಾಜರಾತಿ ವಿಭಾಗ ತೆರೆಯುವ ಹೊತ್ತಿಗೆ ನಾನು ಕಿಟಕಿಯ ಮುಂದಿದ್ದೆ. ಅಲ್ಲಿನ ಕ್ಲರ್ಕ್ ಅಂಜನಾಪುರದಿಂದ ಎರಡು ಬಸ್ಸು ಬದಲಾಯಿಸಿ ಬರುವ ಹೆಂಗಸು. ಮಿತ್ರ ಬಳಗದ ತರಬೇತಿಗೆ ಇವರನ್ನು ಕರೆದಿರಲಿಲ್ಲ, ಯಾಕೆಂದರೆ ಅವರು ಬೋಧಕ ಸಿಬ್ಬಂದಿಯಲ್ಲ. ಪಟ್ಟಿ ಅವರ ಕಂಪ್ಯೂಟರಿಗೆ ಆಗಲೇ ಏರಿತ್ತು.

“ಮೇಡಂ, ಇದನ್ನ ತೆಗೀಬೇಕು.”

“ಏರ್ಸಿದ್ದು ಇಳಿಸ್ಬೇಕು ಅಂದ್ರೆ ಲೆಟರ್ ಬೇಕಪ್ಪ.”

“ಕಾರಣ ಆದ್ರೂ ಬದಲಾಯ್ಸಿ. ಡಿಬೇಟ್ ಅಂತ ಹಾಕಿ.”

“ಆ ಫೈಲನ್ನ ಹೊರಗಿನ ಸಮಿತಿಯೋರು ನೋಡ್ತಾರೆ. ಸುಳ್ಳು ಹಾಕಿ ನಾನು ಕೆಲಸ ಕಳ್ಕೊಳ್ಲಾ?” ಎಂದ ಅವರು ತೆರೆಯ ಮೇಲಿನ ಏಳು ಹೆಸರುಗಳನ್ನು ಬೆರಳಿಟ್ಟು ಓದಿದರು. ಆಮೇಲೆ ದನಿ ತಗ್ಗಿಸಿದರು. “ಈ ಮಕ್ಕಳ ಮನೇಲಿ ಗೊತ್ತೇನಪ್ಪಾ?”

“ಇಲ್ಲ ಮೇಡಂ.”

“ಅಯ್ಯೋ ಶಿವನೆ. ಯಾವ ಬುದ್ಧಿವಂತ ಇದನ್ನ ಮಾಡ್ಸಿದ್ದು?”

ನಾನು ನೋಟಿಸ್ ಬೋರ್ಡನ್ನು ಗಮನವಿಟ್ಟು ಓದತೊಡಗಿದೆ.

“ಸಾಯಂಕಾಲ ನಾಲ್ಕರೊಳಗೆ ಲೆಟರ್ ತಾ. ನಾಲ್ಕರ ಮೇಲೆ ಅದು ನನ್ನ ಕೈಯಲ್ಲಿರಲ್ಲ.”

ಸಂಚಾಲಕಿ ಮೇಡಂ ಬ್ಯಾಡ್ಜು ಧರಿಸಿ ಕುಳಿತಿದ್ದರು. ವಿಷಯ ಕೇಳಿ ಅವರಿಗೆ ನಿಜಕ್ಕೂ ಬೇಸರವಾಯಿತು, ಆದರೆ ಬೇರೆಯೇ ಕಾರಣಕ್ಕೆ.

“ಇಷ್ಟು ಒಳ್ಳೆ ಇನಿಷಿಯೇಟಿವ್. ಮುಚ್ಚಿಡೋದ್ಯಾಕೆ? ಮುಚ್ಚಿಟ್ಟಷ್ಟೂ ಅವಮಾನ ಅನ್ನೋ ಭಾವನೆ ಬೆಳೆಯತ್ತೆ. ಪೇರೆಂಟ್ಸ್‌ಗೂ ತಿಳೀಲಿ. ಅವರನ್ನೂ ಒಂದ್ ದಿನ ಕರೆಸಿ ಸೆನ್ಸಿಟೈಸ್ ಮಾಡೋಣ.”

“ಮೇಡಂ, ಮನೆಯೋರಿಗೆ ಯಾವಾಗ ಹೇಳ್ಬೇಕು ಅನ್ನೋದು ಆ ವಿದ್ಯಾರ್ಥಿಗಳಿಗೆ ಬಿಟ್ಟಿದ್ದು.”

“ಹಾಗಾದ್ರೆ ಇದೇನಪ್ಪ?” ಎಂದು ನಡಾವಳಿ ತೆಗೆದು, ಮಂಗಳವಾರದ ನನ್ನ ಮಾತನ್ನು ನನಗೇ ಓದಿ ಹೇಳಿದರು. “‘ಬೆಂಬಲ ಅಂದರೆ ರಿಜಿಸ್ಟರ್‌ನಲ್ಲಿ ಕಾಣಿಸಬೇಕು.’ ನೀನೇ ಹೇಳಿದ್ದು. ಕಬಡ್ಡಿ ಉದಾಹರಣೆನೂ ಕೊಟ್ಟಿದೀಯ.”

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಗಳ ಮಾತನ್ನು ಅವರಿಗೇ ತಿರುಗಿಸಿ ಬಹುಮಾನದ ಕಪ್ಪು ಹೊತ್ತುಕೊಂಡು ಬಂದಿದ್ದೇನೆ. ನನ್ನ ಮಾತು ನನಗೇ ತಿರುಗಿ ಬಂದದ್ದು ಅವತ್ತೇ. ಅದೂ ಒಂದಕ್ಷರ ಬಿಡದೆ, ಸರಿಯಾದ ದಿನಾಂಕದೊಂದಿಗೆ.

ಮಂಗಳವಾರ ಪರ ಮಾತಾಡಿದವನು ಶುಕ್ರವಾರ ವಿರುದ್ಧ ಮಾತಾಡಿದೆ. ಮುಕ್ಕಾಲು ಗಂಟೆ. ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಯಾವ ವಾದವೂ ಅಲ್ಲ. “ಯಾವುದಾದ್ರೂ ಪೇರೆಂಟ್ ಬಂದು ಗಲಾಟೆ ಮಾಡಿದ್ರೆ, ಸಮಿತಿ ಬಂದ ದಿನವೇ ಬಂದ್ರೆ?” ಎಂದೆ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆದರೂ ಓ.ಡಿ. ಹಿಂತೆಗೆಯುವ ಕೋರಿಕೆ ವಿದ್ಯಾರ್ಥಿ ಪ್ರತಿನಿಧಿಯಿಂದಲೇ ಬರಬೇಕು, ತಾವಾಗಿ ತೆಗೆದಂತಿರಬಾರದು ಎಂದರು. ಬರೆದುಕೊಟ್ಟೆ. ಆ ಪತ್ರವನ್ನು ಮುಂದೆ ‘ತೀರ್ಮಾನಗಳಲ್ಲಿ ವಿದ್ಯಾರ್ಥಿಗಳ ಸಹಭಾಗಿತ್ವ’ ಎಂಬ ಇನ್ನೊಂದು ಕಲಮಿಗೆ ಪುರಾವೆಯಾಗಿ ಲಗತ್ತಿಸಿದ್ದರಂತೆ. ಹಾಳಾಗುವುದು ಎಂಬುದೇ ಇಲ್ಲ ಅವರ ಕೈಯಲ್ಲಿ.

ಮೂರೂವರೆಗೆ ಕ್ಲರ್ಕ್ ಪತ್ರ ತೆಗೆದುಕೊಂಡು, ಏಳು ಗೆರೆಗಳನ್ನು ಒಂದೊಂದಾಗಿ ಅಳಿಸಿದರು. ಅಳಿಸುವಾಗ ಪರದೆಯನ್ನು ಹಿಂದೆ ಸಾಲಿನಲ್ಲಿದ್ದವರಿಗೆ ಕಾಣದಂತೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಅದನ್ನು ಅವರಿಗೆ ಯಾರೂ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಶನಿವಾರ ಗಿರಿನಗರಕ್ಕೆ ಮಾಮೂಲಿ ಸಂದೇಶ ಹೋಯಿತು. ಓ.ಡಿ. ಇಲ್ಲ. ಗುಟ್ಟು ಉಳಿಯಿತು, ಹಾಜರಾತಿ ಉಳಿಯಲಿಲ್ಲ. ಮುಂದಿನ ಎರಡು ಗುರುವಾರವೂ ಅವಳು ಕೂಟಕ್ಕೇ ಹೋದಳು. ಕ್ಲಾಸಿಗೆ ಹೋಗು ಎಂದು ನಾನು ಹೇಳಲು ಬಾಯಿ ತೆರೆದಾಗ ಅವಳು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ತಿಂಗಳ ಕೊನೆಗೆ ಕೊರತೆ ಪಟ್ಟಿ ಬೋರ್ಡಿಗೆ ಬಂತು. ಸಂಖ್ಯಾಶಾಸ್ತ್ರ, ಎಪ್ಪತ್ಮೂರು. ಇನ್ನು ಹಾಲ್ ಟಿಕೆಟ್ ಬೇಕಾದರೆ ಮನ್ನಾ ಅರ್ಜಿ ಕೊಡಬೇಕು, ಅದಕ್ಕೆ ವಿಭಾಗದ ಮುಖ್ಯಸ್ಥರ ಎದುರಲ್ಲೇ ಹೆತ್ತವರು ಸಹಿ ಹಾಕಬೇಕು. ಅಂದರೆ ಅವಳ ಅಮ್ಮ, ಮಿತ್ರ ಬಳಗದ ಸಂಚಾಲಕಿಯ ಎದುರು, ಒಂದೇ ಮೇಜಿಗೆ.

“ನಾನೂ ಬರ್ತೀನಿ,” ಎಂದೆ.

“ಬಾ. ಬಾಯಿ ಬಿಟ್ರೆ ಸಾಯಿಸ್ತೀನಿ.”

ಅಮ್ಮ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದರು. ವಿಭಾಗದ ಕೋಣೆಯಲ್ಲಿ ಕುಳಿತು ಅರ್ಜಿಯನ್ನು ಉತ್ತರ ಪತ್ರಿಕೆ ಓದುವ ಹಾಗೆ ಮೇಲಿಂದ ಕೆಳಕ್ಕೆ ಓದಿದರು. ಮೇಡಂ ಎದುರಿಗೆ, ಗೆಳತಿ ಅಮ್ಮನ ಪಕ್ಕ, ನಾನು ಬಾಗಿಲ ಬಳಿ.

“ಬೇರೆ ಎಲ್ಲ ವಿಷಯದಲ್ಲೂ ತೊಂಬತ್ತಿದೆ,” ಎಂದರು ಅಮ್ಮ. “ಇದೊಂದರಲ್ಲಿ ಬರೀ ಗುರುವಾರ ಗುರುವಾರ ಇಲ್ಲ. ನಾನೂ ಟೀಚರೇ ಮೇಡಂ. ಜ್ವರ ಗುರುವಾರ ನೋಡ್ಕೊಂಡು ಬರಲ್ಲ. ಎಲ್ಲಿಗ್ ಹೋಗ್ತಿದ್ದೆ?”

ಗೆಳತಿ ಮೇಜಿನ ಗಾಜನ್ನು ನೋಡುತ್ತಿದ್ದಳು. ಮೇಡಂ ಮುಖದಲ್ಲಿ ಕರುಣೆ ತುಂಬಿ ಬಂತು. ಅದು ತರಬೇತಿಯ ಕೊನೆಯ ಹದಿನೈದು ನಿಮಿಷದಲ್ಲಿ ಹೇಳಿಕೊಟ್ಟ ಕರುಣೆ: ತುಸು ಮುಂದಕ್ಕೆ ಬಾಗಿ, ಎರಡೂ ಕೈ ಮೇಜಿನ ಮೇಲಿಟ್ಟು.

“ಅಮ್ಮಾ, ನೀವೇನೂ ಹೆದರ್ಬೇಡಿ. ನಿಮ್ಮ ಮಗಳು ತಪ್ಪೇನೂ ಮಾಡಿಲ್ಲ. ನಮ್ಮ ಸಂಸ್ಥೆ ಇಂಥ ವಿಷಯದಲ್ಲಿ ತುಂಬಾ ಓಪನ್ ಇದೆ. ಗುರುವಾರ ಇಲ್ಲಿ ನಮ್ಮದೇ ಒಂದು—”

“ಇವನ ಜೊತೆ ಇದ್ದೆ ಅಮ್ಮ.”

ಗೆಳತಿಯ ಕೈ ನನ್ನ ಕಡೆ ಚಾಚಿತ್ತು.

ಅಮ್ಮ ನಿಧಾನಕ್ಕೆ ತಿರುಗಿ ನನ್ನನ್ನು ಕೂದಲಿನಿಂದ ಚಪ್ಪಲಿಯವರೆಗೆ ನೋಡಿದರು. ಮೂರು ವರ್ಷದಿಂದ ಅವರ ಮನೆಯಲ್ಲಿ ಚಿತ್ರಾನ್ನ ತಿಂದವನನ್ನು ಹೊಸದಾಗಿ ನೋಡುವಂತೆ.

“ಗುರುವಾರ ಗುರುವಾರ?”

“ಹೂಂ.”

“ಏನೋ ಇದು?” ಇದು ನನಗೆ.

ನನ್ನ ಬಳಿ ಉತ್ತರಗಳಿದ್ದವು. ಅವಳ ಸುಳ್ಳು ಬಯಲಾಗದಂತೆ, ಮೇಡಂ ತಿದ್ದದಂತೆ, ಅಮ್ಮ ನಂಬುವಂತೆ ಎರಡು ವಾಕ್ಯ ಹೊಸೆಯುವುದು ನನಗೆ ಕಷ್ಟವಿರಲಿಲ್ಲ. ತಲೆ ತಗ್ಗಿಸಿದೆ.

“ಸಾರಿ ಆಂಟಿ.”

“ಸಾರಿನಾ? ಡಿಬೇಟು ಡಿಬೇಟು ಅಂತ ಮನೆಗೆ ಬಂದು ಕೂತ್ಕೋತಿದ್ಯಲ್ಲ, ಇದೇ ಏನೋ ನಿಮ್ಮ ಡಿಬೇಟು? ನಾನು ತಟ್ಟೆ ತುಂಬ ಬಡಿಸ್ತಿದ್ನಲ್ಲೋ ನಿಂಗೆ!”

ನನಗೆ ಅಚ್ಚರಿಯಾದದ್ದು ಮೇಡಂ ಮುಖ ನೋಡಿ. ಹಾಜರಿ ಪಟ್ಟಿಯಲ್ಲಿ ಅವಳ ಏಳು ತಿಂಗಳ ಸಹಿ ಅವರ ಫೈಲಿನಲ್ಲೇ ಇತ್ತು. ಇದು ಸುಳ್ಳೆಂದು ನಮ್ಮಿಬ್ಬರಷ್ಟೇ ಚೆನ್ನಾಗಿ ಅವರಿಗೂ ಗೊತ್ತು. ಆದರೂ ಒಂದು ಕ್ಷಣ ತಬ್ಬಿಬ್ಬಾದವರು, ಮರುಕ್ಷಣ ಹಗುರಾದರು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಕರುಣೆಯ ಜಾಗಕ್ಕೆ ಹಳೆಯ ಮೇಷ್ಟ್ರುಗಿರಿ ಬಂದು ಕುಳಿತಿತು. ಹುಡುಗ, ಹುಡುಗಿ, ಕ್ಲಾಸಿಗೆ ಚಕ್ಕರ್. ಇದಕ್ಕೆ ಅವರಿಗೆ ಯಾವ ತರಬೇತಿಯೂ ಬೇಕಿರಲಿಲ್ಲ.

“ಫೈನಲ್ ಇಯರ್ ಇದು, ನೆನಪಿದೆಯಾ?” ಎಂದು ನನ್ನ ಮೇಲೆ ಹರಿಹಾಯ್ದರು. “ಒಂದ್ ಹೆಣ್ಣು ಹುಡುಗಿ ಭವಿಷ್ಯ ಹಾಳ್ ಮಾಡಕ್ಕೆ ನಿಂಗೇನ್ ಹಕ್ಕಿದೆ?”

ಹತ್ತು ನಿಮಿಷ ಇಬ್ಬರು ಟೀಚರುಗಳೂ ಸೇರಿ ನನ್ನನ್ನು ಉಗಿದರು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು, ಎಷ್ಟೋ ವರ್ಷ ಜೊತೆಯಲ್ಲಿ ಅಭ್ಯಾಸ ಮಾಡಿದ ತಂಡದಂತೆ. ಕೊನೆಗೆ ಅಮ್ಮ ಸಹಿ ಹಾಕಿದರು, ಕೆಂಪು ಪೆನ್ನಿನಲ್ಲಿ. ಕೆಂಪು ನಡೆಯುವುದಿಲ್ಲವೆಂದು ಮೇಡಂ ನೀಲಿ ಕೊಟ್ಟರು, ಇನ್ನೊಮ್ಮೆ ಹಾಕಿದರು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ: “ಇನ್ನು ಮನೆ ಕಡೆ ಕಾಲಿಡ್ಬೇಡ.”

ಅರ್ಧ ಗಂಟೆಯ ಮೇಲೆ ಆಟೋದಿಂದಲೇ ಗೆಳತಿಯ ಮೆಸೇಜು ಬಂತು. ‘ಅಮ್ಮ ಇಷ್ಟೊತ್ತು ಬೈದ್ರು. ಈಗ ಸುಮ್ನಾಗಿದಾರೆ. ನೀನ್ ಯಾವ ಜನ ಅಂತ ಕೇಳಿದ್ರು.’

‘ಏನಂದೆ?’

‘ಗೊತ್ತಿಲ್ಲ ಅಂದೆ. ಮೂರು ವರ್ಷದಿಂದ ಗೊತ್ತಿಲ್ವಾ, ಎಂಥ ಪ್ರೀತಿ ನಿಂದು ಅಂದ್ರು.’

ನಗಬೇಕೆನಿಸಿತು, ನಕ್ಕೆ ಕೂಡ. ಆದರೆ ಮುಂದಿನ ವಾರಗಳಲ್ಲಿ ನಗು ಕಡಿಮೆಯಾಗುತ್ತಾ ಬಂತು. ಅಮ್ಮ ನನ್ನ ವಿಷಯ ಬಿಡಲಿಲ್ಲ. ನನ್ನ ಅಪ್ಪ ಏನು ಕೆಲಸ, ಜೆ.ಪಿ. ನಗರದ ಮನೆ ಸ್ವಂತದ್ದೋ ಬಾಡಿಗೆಯೋ, ಮುಂದೆ ಏನು ಓದುತ್ತಾನಂತೆ. ಬೈಗುಳ ಹೋಗಿ ವಿಚಾರಣೆ ಬಂದಿತ್ತು. ಒಂದು ದಿನ, ‘ಹುಡುಗ ಬಾಯಿಬಡುಕ, ಆದ್ರೆ ತಿರುಗಿ ಮಾತಾಡ್ಲಿಲ್ಲ, ಮರ್ಯಾದೆ ಇದೆ’ ಎಂದರಂತೆ. ಇಲ್ಲದ ಪ್ರೇಮಕ್ಕೆ ಅರ್ಧ ಒಪ್ಪಿಗೆ ಸಿಗುವ ಹಂತಕ್ಕೆ ಬಂದಿತ್ತು.

“ಲೋ, ಇದು ಕೆಟ್ಟದಾಗ್ತಿದೆ,” ಎಂದಳು ಗೆಳತಿ, ಹಾಲ್ ಟಿಕೆಟ್ ತೆಗೆದುಕೊಳ್ಳುವ ಸಾಲಿನಲ್ಲಿ. “ಅಮ್ಮ ನಿನ್ನ ಅಭ್ಯಾಸ ಮಾಡ್ಕೋತಿದಾರೆ. ಪಾಪ, ಕಷ್ಟಪಟ್ಟು.”

ನಾನು ಏನೂ ಸಲಹೆ ಕೊಡಲಿಲ್ಲ. ಕೊಡದೇ ಇರುವುದಕ್ಕೆ ಎಷ್ಟು ಶಕ್ತಿ ಬೇಕೆಂದು ಕೊಡುವವರಿಗೇ ಗೊತ್ತು.

ಪರೀಕ್ಷೆ ಮುಗಿಯಿತು. ಸಂಖ್ಯಾಶಾಸ್ತ್ರ ಅವಳಿಗೆ ಸುಲಭವಿತ್ತು, ನನಗೆ ಇರಲಿಲ್ಲ. ಮೌಲ್ಯಮಾಪನ ಸಮಿತಿಯೂ ಅದೇ ವಾರ ಬಂದು, ಫೋಟೋಗಳನ್ನು ನೋಡಿ, ಊಟ ಮಾಡಿ ಹೋಯಿತು. ಒಂದು ಶನಿವಾರ ಗೆಳತಿ ‘ಇವತ್ತು’ ಎಂದಷ್ಟೇ ಮೆಸೇಜು ಹಾಕಿದಳು. ನಾನು ‘ಸರಿ’ ಎಂದೆ. ಆಮೇಲೆ ಏನೂ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಫೋನು ಬಂತು. ಅವಳದಲ್ಲ, ಅವಳ ಅಮ್ಮನದು.

“ನೀನು ಅವಳ ಹುಡುಗ ಅಲ್ವಂತೆ.”

“ಅಲ್ಲ ಆಂಟಿ.”

“ಅವತ್ತು ಅಷ್ಟು ಬೈದೆ. ಯಾಕ್ ಸುಮ್ನೆ ನಿಂತಿದ್ದೆ?”

“ಅವಳು ಹೇಳಿದ್ಲಲ್ಲ ಆಂಟಿ, ಅದಕ್ಕೆ.”

“ನಿಂಗೆ ಯಾವಾಗಿಂದ ಗೊತ್ತು?”

“ಫಸ್ಟ್ ಇಯರ್‌ನಿಂದ.”

“ಆ ಮೇಡಂಗೆ? ಅವತ್ತು ನನ್ನ ಮುಂದೆ ಕೂತಿದ್ರಲ್ಲ?”

“ಗೊತ್ತಿತ್ತು ಆಂಟಿ.”

“ಇನ್ಯಾರಿಗೆ?”

ಸುಳ್ಳು ಹೇಳಬಹುದಿತ್ತು. “ಹಾಜರಿ ಹಾಕೋ ಆಫೀಸ್‌ನಲ್ಲಿ ಒಬ್ರಿಗೆ,” ಎಂದೆ.

“ಆಫೀಸ್‌ನೋರಿಗೂ,” ಎಂದರು. ಬೈಗುಳವಲ್ಲ, ಲೆಕ್ಕ ತಾಳೆಯಾಗದಾಗ ಬರುವ ದನಿ. “ನನ್ನ ಮಗಳ ವಿಷಯ ಊರಿಗೆಲ್ಲ ಪಟ್ಟಿ ಮಾಡಿ ಇಟ್ಕೊಂಡಿದೀರ. ಹೆತ್ತೋಳಿಗೆ ಕೊನೇಲಿ. ಇದು ಸರಿನಾ? ನೀನೇ ಹೇಳು, ಭಾರಿ ಮಾತಾಡೋನು.”

ಹೇಳಲು ಇತ್ತು. ಊರವರಿಗೆ ಗೊತ್ತಾದರೆ ಅವಳು ಕಳೆದುಕೊಳ್ಳುವುದೇನೂ ಇರಲಿಲ್ಲ, ನಿಮ್ಮ ಬಳಿ ಮಾತ್ರ ಇತ್ತು, ಅದಕ್ಕೇ ಇಷ್ಟು ತಿಂಗಳು ಹಿಡಿಯಿತು. ಒಳ್ಳೆಯ ವಾದ, ಸುಳ್ಳೂ ಅಲ್ಲ. ಆದರೆ ಅದನ್ನು ಹೇಳಬೇಕಾದವಳು ಆ ಮನೆಯಲ್ಲೇ ಪಕ್ಕದ ಕೋಣೆಯಲ್ಲಿದ್ದಳು.

“ಅವಳನ್ನೇ ಕೇಳಿ ಆಂಟಿ,” ಎಂದೆ.

“ಕೇಳ್ತೀನಿ. ನಿನ್ ಪರ್ಮಿಷನ್ ಬೇಕಿಲ್ಲ.” ಮೂಗು ಸೀಟಿದ ಸದ್ದು. ಆಮೇಲೆ ದನಿ ಫೋನಿನಿಂದ ದೂರವಾಯಿತು, ಆದರೆ ಜೋರಾಯಿತು. “ಏಯ್, ನಿನ್ನೆಯಿಂದ ಹೊಟ್ಟೆಗೆ ಏನಿಲ್ಲ, ಬಾಗ್ಲು ತೆಗಿ! ದೋಸೆ ಆರ್ತಿದೆ. ತಿಂದ್ಕೊಂಡ್ ಜಗಳ ಆಡೋಣ. ಇನ್ನೂ ನೂರು ಕೇಳೋದಿದೆ ನಿನ್ನ.”

ಅವರು ಫೋನ್ ಇಡುವುದನ್ನು ಮರೆತಿದ್ದರು. ಬಾಗಿಲ ಚಿಲಕ ಸರಿದದ್ದು ನನಗೆ ಕೇಳಿಸಿತು, ಕುರ್ಚಿ ಎಳೆದದ್ದೂ. ಗೆಳತಿ ಏನೋ ಹೇಳಲು ಶುರುಮಾಡಿದಳು. ಮುಂದಿನದನ್ನು ನಾನು ಕೇಳಲಿಲ್ಲ, ಫೋನ್ ಕಟ್ ಮಾಡಿ ಉಳಿದ ಬಟ್ಟೆ ಹಿಂಡತೊಡಗಿದೆ.